ಅವ್ವ ಕೊಟ್ಟ ಕಿಡ್ನಿ, ಒಳಗೆ ಓಡಾಡುವ ಚೀಟಿ

ನಿಡಸೋಸಿಯ ನಮ್ಮ ಹಾಸ್ಟೆಲ್ ಗೆಳೆಯನೊಬ್ಬನ ಕಾಕಾಗೆ ಅವರ ಅವ್ವನೇ ಕಿಡ್ನಿ ಕೊಟ್ಟಿದ್ದಾರೆ. ಈಚೆಗೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತು. ಬಯಾಪ್ಸಿಗೆಂದು ಬೆಳಗಾವಿಗೆ ಹೊರಟಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಹೆತ್ತಾಕಿ ಕಿಡ್ನಿನೂ ಯಾಕ ಒಗ್ಗವಲ್ದಪಾ?" ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಹುಡುಕಿ ಓದಿದೆವು.

ನಮ್ಮ ಬಹುತೇಕ ಎಲ್ಲ ಜೀವಕೋಶಗಳ ಮೇಲೂ ಎಚ್‌ಎಲ್‌ಎ ಅನ್ನೋ ಗುರುತು ಇರುತ್ತದೆ, ಐಡಿ ಕಾರ್ಡ್ ಇದ್ದ ಹಾಗೆ. ಅದರಲ್ಲಿ ಅರ್ಧ ಅವ್ವನಿಂದ, ಅರ್ಧ ಅಪ್ಪನಿಂದ ಬರುತ್ತದೆ. ಹಾಗಾಗಿ ಅವ್ವನ ಕಿಡ್ನಿಯಲ್ಲೂ ಮಗನ ದೇಹಕ್ಕೆ ಪರಿಚಯವಿಲ್ಲದ ಗುರುತುಗಳಿರುತ್ತವೆ. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಕಸಿ ಒಗ್ಗಿದ್ದು, ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ದೇಹದ ಪ್ರತಿರೋಧ ತಗ್ಗಿಸುವ ಮಾತ್ರೆ ದಿನಾ ಬೇಕೇ ಬೇಕು.

ಕ್ರಿಯಾಟಿನಿನ್ ಏರಿದ್ರೆ ಕಿಡ್ನಿ ಸರಿಯಾಗಿ ಸೋಸುತ್ತಿಲ್ಲ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗಲ್ಲ. ದಾಳಿಯಲ್ಲಿ ಮುಖ್ಯವಾಗಿ ಎರಡು ಬಗೆ. ಟಿ ಕೋಶಗಳು ನುಗ್ಗಿದ್ದರೆ ಸಾಮಾನ್ಯವಾಗಿ ಸ್ಟೆರಾಯ್ಡ್‌ಗೆ ಬಗ್ಗುತ್ತದೆ. ಆಂಟಿಬಾಡಿಗಳಿಂದಾದ ದಾಳಿ ಅಷ್ಟು ಸುಲಭಕ್ಕೆ ಬಗ್ಗಲ್ಲ. ಯಾವುದು ಅಂತ ತಿಳಿಯಲು ಸೂಜಿಯಿಂದ ಕಿಡ್ನಿಯ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆನಡಾದ ಬ್ಯಾನ್ಫ್ ಊರಿನಲ್ಲಿ 1991ರಲ್ಲಿ ಸೇರಿದ್ದ ತಜ್ಞರು ಇದಕ್ಕೆ ನಿಯಮ ಹಾಕಿಕೊಟ್ಟರು. ಆದರೂ ಒಂದೇ ಸ್ಲೈಡಿಗೆ ಇಬ್ಬರು ತಜ್ಞರು ಬೇರೆ ಬೇರೆ ಅಂಕ ಕೊಡೋದುಂಟು.

ಇಲ್ಲೇ ಅಣುಮಟ್ಟದ ಪರೀಕ್ಷೆ ನೆರವಿಗೆ ಬರುವುದು. ನಮ್ಮ ಸಂಕೇಶ್ವರದ ಸಕ್ಕರೆ ಕಾರ್ಖಾನೆಯನ್ನೇ ನೆನಪಿಸಿಕೊಳ್ಳಿ. ಹೊರಗೆ ನಿಂತರೆ ಹೊಗೆ ಕಾಣುತ್ತದೆ. ಒಳಗೆ ಇವತ್ತು ಯಾವ ಕೆಲಸ ನಡೀತಿದೆ ಅಂತ ತಿಳಿಯಲು ಕೆಲಸದ ಚೀಟಿ ಓದಬೇಕು. ಜೀನ್ ಅಂದ್ರೆ ಕಪಾಟಿನಲ್ಲಿರೋ ಡ್ರಾಯಿಂಗ್, ಎಂಆರ್‌ಎನ್‌ಎ ಅಂದ್ರೆ ಅದರಿಂದ ಬರೆದ ಚೀಟಿ. ಬಯಾಪ್ಸಿ ತುಣುಕಿನಲ್ಲಿ ಯಾವ ಚೀಟಿ ಎಷ್ಟಿದೆ ಅಂತ ಎಣಿಸಿದರೆ ದಾಳಿಯ ಬಗೆ ಇನ್ನೂ ಸ್ಪಷ್ಟವಾಗುತ್ತದೆ. ಬ್ಯಾನ್ಫ್ ತಜ್ಞರು ಹೀಗೆ ಎಣಿಸಲು 770 ಜೀನ್‌ಗಳ ಪಟ್ಟಿಯನ್ನೇ ಮಾಡಿದ್ದಾರೆ.

ಔಷಧಿ ಕೆಲಸ ಮಾಡ್ತಿದೆಯಾ ಅಂತಲೂ ಇದರಿಂದ ತಿಳಿಯಬಹುದು. ವಿಯೆನ್ನಾ ಮತ್ತು ಬರ್ಲಿನ್‌ನಲ್ಲಿ ಆಂಟಿಬಾಡಿ ದಾಳಿಯಿದ್ದ 22 ಜನರ ಮೇಲೆ ಫೆಲ್ಜಾರ್ಟಮ್ಯಾಬ್ ಎಂಬ ಔಷಧಿಯ ಪ್ರಯೋಗ ನಡೆಯಿತು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. 24ನೇ ವಾರದ ಬಯಾಪ್ಸಿಯಲ್ಲಿ, ಔಷಧಿ ಪಡೆದ 11 ಜನರಲ್ಲಿ 9 ಜನರಿಗೆ ದಾಳಿಯ ಗುರುತು ಮಾಯ. ಬರೀ ತೋರಿಕೆಯ ಔಷಧಿ ಪಡೆದ 10 ಜನರಲ್ಲಿ ಇಬ್ಬರಿಗೆ ಮಾತ್ರ ಹಾಗಾಯಿತು. ಎನ್‌ಕೆ ಎಂಬ ದಾಳಿಕೋರ ಕೋಶಗಳ ಚೀಟಿಗಳೂ ಕಡಿಮೆಯಾಗಿದ್ದವು. ಔಷಧಿ ನಿಲ್ಲಿಸಿದ ಮೇಲೆ, 52ನೇ ವಾರಕ್ಕೆ, ಆ 9ರಲ್ಲಿ ಮೂವರಿಗೆ ದಾಳಿ ಮರಳಿತು. ಅಂದ್ರೆ ಬೆಂಕಿ ಆರಿದ ಮೇಲೂ ಒಳಗೆ ಕೆಂಡ ಇರಬಹುದು.

ಕಾಕಾಗೆ ಆಗಿದ್ದು ಟಿ ಕೋಶದ ದಾಳಿ. ಮಾಮೂಲಿ ಬಯಾಪ್ಸಿಯಲ್ಲೇ ಗೊತ್ತಾಯಿತು, ಸ್ಟೆರಾಯ್ಡ್ ಕೊಟ್ಟರು, ಕ್ರಿಯಾಟಿನಿನ್ ಇಳಿಯುತ್ತಿದೆ. ನಾವು ಅಜ್ಜಿಗೆ ಅರ್ಧ-ಅರ್ಧದ ಲೆಕ್ಕ ಹೇಳಿ, "ನಿಮ್ಮ ಕಿಡ್ನಿದು ಏನೂ ತಪ್ಪಿಲ್ರಿ" ಅಂದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಮ್ಮಗನ ಕಡೆ ತಿರುಗಿದರು: "ಹಂಗಾರ ಒಗ್ಗದ ಅರ್ಧ ನಿಮ್ಮ ಮುತ್ಯಾಂದು ಅನ್ನು!"