ಕುರಿಯ ಅವಳಿ ಮರಿಗಳು ಮತ್ತು ಜೀವಕಣದ ಗ್ರಾಹಕಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮುಂತಾದ ಜಿಲ್ಲೆಗಳಲ್ಲಿ ಸಾಕಲ್ಪಡುವ ದಖ್ಖನಿ ಕುರಿಯು ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿಯನ್ನು ಹಾಕುವುದೆಂಬುದು ಕುರಿಗಾರರೆಲ್ಲರಿಗೂ ತಿಳಿದ ವಿಷಯವಾಗಿದೆ. ಆದರೆ ಬಂಗಾಳದ ಸುಂದರಬನದ ಜೌಗು ನೆಲದಲ್ಲಿ ಮೇಯುವ ಗರೋಲ್ ಎಂಬ ಅತಿ ಚಿಕ್ಕ ಕುರಿಯು ಎರಡು ಮರಿಗಳನ್ನೂ, ಕೆಲವು ವೇಳೆ ಮೂರು ಮರಿಗಳನ್ನೂ ಹಾಕುತ್ತದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವು ಮೇವಿನಲ್ಲಿಯೂ ಇಲ್ಲ, ಹವೆಯಲ್ಲಿಯೂ ಇಲ್ಲ. ಜೀವಕಣದ ಹೊರಮೈಯಲ್ಲಿರುವ ಒಂದು ಗ್ರಾಹಕದಲ್ಲಿದೆ. ಅದರ ಸ್ವರೂಪವನ್ನೂ, ಅದರಿಂದ ಕುರಿಗಾರರಿಗೆ ಆಗಬಹುದಾದ ಲಾಭನಷ್ಟಗಳನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಗ್ರಾಹಕವೆಂದರೇನು?

ಪ್ರಾಣಿಯ ದೇಹವು ಅಸಂಖ್ಯಾತ ಜೀವಕಣಗಳಿಂದಾದುದು. ಇವು ಒಂದಕ್ಕೊಂದು ಹೊಂದಿಕೊಂಡು ಬೆಳೆಯಬೇಕಾದರೆ ಅವುಗಳ ನಡುವೆ ಸಂದೇಶಗಳು ನಡೆಯುತ್ತಿರಬೇಕು. ಒಂದು ಕಣವು ಹೊರಸೂಸಿದ ಸಂದೇಶದ್ರವ್ಯವನ್ನು ಮತ್ತೊಂದು ಕಣದ ಪೊರೆಯಲ್ಲಿ ನೆಟ್ಟಿರುವ ಗ್ರಾಹಕವು ಹಿಡಿಯುತ್ತದೆ. ಗ್ರಾಹಕದ ಒಂದು ತುದಿಯು ಪೊರೆಯ ಹೊರಗೂ ಮತ್ತೊಂದು ತುದಿಯು ಒಳಗೂ ಇರುತ್ತವೆ. ಹೊರತುದಿಗೆ ದ್ರವ್ಯವು ಅಂಟಿದೊಡನೆ ಒಳತುದಿಯು ಚುರುಕಾಗಿ, ಕೆಲವು ಪ್ರೋಟೀನುಗಳಿಗೆ ಫಾಸ್ಫೇಟನ್ನು ಜೋಡಿಸುತ್ತದೆ. ಅವು ಕಣದ ಕೇಂದ್ರವನ್ನು ಹೊಕ್ಕು, ಅಲ್ಲಿನ ವಂಶವಾಹಿಗಳಲ್ಲಿ ಯಾವುವು ಕೆಲಸ ಮಾಡಬೇಕು, ಯಾವುವು ಸುಮ್ಮನಿರಬೇಕು ಎಂಬುದನ್ನು ನಿರ್ಣಯಿಸುತ್ತವೆ. ಭ್ರೂಣದಲ್ಲಿ ಮೂಳೆ, ಬೆರಳು ಮೊದಲಾದುವು ರೂಪುಗೊಳ್ಳುವುದು ಈ ವಿಧದಿಂದಲೇ.

ಅಂಡಾಶಯದಲ್ಲಿ ನಡೆಯುವ ಕಾರ್ಯ

ಹೆಣ್ಣು ಕುರಿಯ ಅಂಡಾಶಯದಲ್ಲಿ ಪ್ರತಿಯೊಂದು ಅಂಡವೂ ಒಂದು ಸಣ್ಣ ಕೋಶದೊಳಗೆ ಬೆಳೆಯುತ್ತದೆ. ಈ ಕೋಶದ ಗೋಡೆಯ ಕಣಗಳ ಮೇಲೆ ಬಿ.ಎಂ.ಪಿ.ಆರ್.-೧ಬಿ ಎಂಬ ಗ್ರಾಹಕವಿದೆ. ಕೋಶವು ಅಕಾಲದಲ್ಲಿ ಪಕ್ವವಾಗದಂತೆ ತಡೆಯುವುದರಲ್ಲಿ ಇದರ ಪಾತ್ರವುಂಟು. ಗರೋಲ್ ಕುರಿಯಲ್ಲಿ ಈ ಗ್ರಾಹಕದ ೨೪೯ನೆಯ ಸ್ಥಾನದಲ್ಲಿ ಗ್ಲುಟಮಿನ್ ಎಂಬ ಅಮೈನೊ ಆಮ್ಲದ ಬದಲು ಆರ್ಜಿನಿನ್ ಇದೆ. ಈ ಒಂದು ಮಾರ್ಪಾಟಿನಿಂದ ಒಳತುದಿಯ ಕೆಲಸವು ಕುಗ್ಗಿ, ತಡೆಯು ಸಡಿಲವಾಗುತ್ತದೆ. ಕೋಶಗಳು ಇನ್ನೂ ಚಿಕ್ಕವಾಗಿರುವಾಗಲೇ ಪಕ್ವವಾಗುವುದರಿಂದ ಒಂದರ ಸ್ಥಾನದಲ್ಲಿ ಎರಡು ಮೂರು ಅಂಡಗಳು ಒಂದೇ ಸಲ ಹೊರಬೀಳುತ್ತವೆ.

ಈ ಗುಣವು ಮೊದಲು ಲೋಕಪ್ರಸಿದ್ಧವಾದುದು ಆಸ್ಟ್ರೇಲಿಯದ ಬೂರೂಲ ಎಂಬ ಮೆರಿನೊ ಹಿಂಡಿನಿಂದ. ಅದು ಒಂದೇ ವಂಶವಾಹಿಯ ಫಲವೆಂದು ೧೯೮೦ರ ದಶಕದ ಆದಿಯಲ್ಲಿ ತರ್ಕಿಸಲಾಯಿತು. ೨೦೦೧ರಲ್ಲಿ ಮೂರು ಸಂಶೋಧಕ ತಂಡಗಳು ಪ್ರತ್ಯೇಕವಾಗಿ ಈ ಗ್ರಾಹಕವನ್ನು ಕಂಡುಹಿಡಿದುವು. ಮರುವರ್ಷ ಗರೋಲ್ ಕುರಿಯಲ್ಲಿಯೂ ಅದೇ ಮಾರ್ಪಾಟು ಇರುವುದು ಗೊತ್ತಾಯಿತು. ೧೭೯೨-೯೩ರಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋದ ಬಂಗಾಳದ ಕುರಿಗಳೇ ಇದರ ಮೂಲವೆಂದು ತಿಳಿದವರು ಅಭಿಪ್ರಾಯಪಡುತ್ತಾರೆ.

ಗುಣವೂ ದೋಷವೂ

ಗ್ರಾಹಕಗಳ ವಿಷಯದಲ್ಲಿ ಹಿತಮಿತವೇ ಪ್ರಧಾನವಾದುದು. ನ್ಯೂಜಿಲೆಂಡಿನ ಇನ್ವರ್‌ಡೇಲ್ ಕುರಿಗಳಲ್ಲಿ ಇದೇ ಬಗೆಯ ಗ್ರಾಹಕಗಳಿಗೆ ತಾಕುವ ಒಂದು ಸಂದೇಶದ್ರವ್ಯವು ಮಾರ್ಪಟ್ಟಿದೆ. ಆ ಮಾರ್ಪಾಟು ತಂದೆತಾಯಿಗಳ ಪೈಕಿ ಒಬ್ಬರಿಂದ ಮಾತ್ರ ಬಂದಿದ್ದರೆ ಕುರಿಯು ಹೆಚ್ಚು ಮರಿ ಹಾಕುತ್ತದೆ. ಇಬ್ಬರಿಂದಲೂ ಬಂದಿದ್ದರೆ ಅಂಡಾಶಯವೇ ಬೆಳೆಯದೆ ಗೊಡ್ಡಾಗುತ್ತದೆ. ಮನುಷ್ಯರಲ್ಲಿಯೂ ಬಿ.ಎಂ.ಪಿ.ಆರ್.-೧ಬಿ ಗ್ರಾಹಕವು ಬೇರೆ ವಿಧದಲ್ಲಿ ಕೆಟ್ಟರೆ ಹುಟ್ಟುವಾಗಲೇ ತೋರುಬೆರಳಿನ ನಡುಮೂಳೆ ಗಿಡ್ಡವಾಗಿರುವ ವಿಕಾರವು ಉಂಟಾಗುತ್ತದೆ.

ನಮ್ಮ ಸೀಮೆಯ ಪ್ರಯತ್ನ

ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯವರು ೧೯೯೦ರ ದಶಕದಲ್ಲಿ ಗರೋಲ್ ಟಗರುಗಳನ್ನು ತರಿಸಿ, ಆ ವಂಶವಾಹಿಯನ್ನು ದಖ್ಖನಿ ಕುರಿಗೆ ಸೇರಿಸುವ ಕಾರ್ಯವನ್ನು ಕೈಗೊಂಡರು. ಗರೋಲ್ ಕುರಿಯ ಗಾತ್ರವು ಅತ್ಯಲ್ಪವಾದುದರಿಂದ ಸಂಕರದ ಮರಿಗಳನ್ನು ಪುನಃ ದೊಡ್ಡ ಮೈಕಟ್ಟಿನ ತಳಿಗಳೊಡನೆ ಕೂಡಿಸಿ, ವಂಶವಾಹಿಯನ್ನು ಮಾತ್ರ ಉಳಿಸಿಕೊಂಡು ಗಾತ್ರವನ್ನು ಹೆಚ್ಚಿಸಬೇಕಾಯಿತು. ಹೀಗೆ ಸಿದ್ಧವಾದ ತಳಿಗೆ ನಾರಿ ಸುವರ್ಣವೆಂದು ಹೆಸರು.

ಕುರಿಗಾರರು ಗಮನಿಸತಕ್ಕ ಅಂಶಗಳು

೧. ಟಗರಿನ ಮೈಕಟ್ಟನ್ನು ನೋಡಿ ಈ ಗುಣವನ್ನು ಗುರುತಿಸಲಾಗದು. ರಕ್ತದ ಪರೀಕ್ಷೆಯಿಂದ ಮಾತ್ರವೇ ಅದು ತಿಳಿಯುತ್ತದೆ. ಪರೀಕ್ಷೆಯ ಪ್ರಮಾಣವಿಲ್ಲದೆ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳಬಾರದು.

೨. ಎರಡು ಪ್ರತಿಗಳುಳ್ಳ ಟಗರನ್ನು ಸಾಧಾರಣ ಕುರಿಗಳಿಗೆ ಬಿಟ್ಟರೆ ಹುಟ್ಟುವ ಮರಿಗಳೆಲ್ಲವೂ ಒಂದೊಂದು ಪ್ರತಿಯನ್ನು ಪಡೆಯುತ್ತವೆ. ಒಂದೇ ಪ್ರತಿಯುಳ್ಳ ಟಗರಿನಿಂದ ಸರಾಸರಿ ಅರ್ಧದಷ್ಟು ಮರಿಗಳು ಮಾತ್ರ ಪಡೆಯುತ್ತವೆ.

೩. ನಮ್ಮ ಹಿಂಡುಗಳಿಗೆ ಒಂದು ಪ್ರತಿಯೇ ಸಾಕು. ಎರಡು ಪ್ರತಿಗಳಿದ್ದರೆ ಮೂರು ಮರಿಗಳಾಗುವ ಸಂಭವ ಹೆಚ್ಚು. ಅವು ನಿಶ್ಶಕ್ತವಾಗಿ ಹುಟ್ಟಿ, ತಾಯಿಯ ಹಾಲು ಸಾಲದೆ ಸಾಯುವುದುಂಟು.

೪. ಗರ್ಭದಲ್ಲಿರುವ ಮರಿಯ ಬೆಳವಣಿಗೆಯ ಹೆಚ್ಚು ಭಾಗವು ಕಡೆಯ ಆರು ವಾರಗಳಲ್ಲಿ ಆಗುತ್ತದೆ. ಆ ಕಾಲದಲ್ಲಿ ಅವಳಿ ಮರಿ ಹೊತ್ತ ಕುರಿಗೆ ಹಸಿಮೇವಿನ ಜೊತೆಗೆ ಕಾಳು, ಹಿಂಡಿಗಳನ್ನು ಕೊಡತಕ್ಕದ್ದು. ಹುಟ್ಟಿದ ಕೆಲವು ಗಂಟೆಗಳೊಳಗೆ ಎರಡು ಮರಿಗಳಿಗೂ ಗಿಣ್ಣುಹಾಲನ್ನು ಕುಡಿಸತಕ್ಕದ್ದು. ಹಾಲು ಸಾಲದಿದ್ದರೆ ಮೇಕೆಯ ಹಾಲನ್ನು ಕೊಡಬಹುದು.

ವಂಶವಾಹಿಯು ಮರಿಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಹೊರತು ಮೇವನ್ನಾಗಲಿ ಹಾಲನ್ನಾಗಲಿ ಹೆಚ್ಚಿಸದು. ವರ್ಷದ ಬಹುಭಾಗ ಮಂದೆಯನ್ನು ಹೊಡೆದುಕೊಂಡು ಊರೂರು ತಿರುಗುವ ಕುರಿಗಾರನಿಗೆ, ದಾರಿಯಲ್ಲಿ ಎರಡು ಎಳೆಮರಿಗಳನ್ನು ಕಳೆದುಕೊಳ್ಳುವುದಕ್ಕಿಂತ ಬಲವಾದ ಒಂದು ಮರಿಯನ್ನು ಉಳಿಸಿಕೊಳ್ಳುವುದೇ ಲಾಭಕರ. ಹಟ್ಟಿಯಲ್ಲಿ ಕಟ್ಟಿ ಮೇಯಿಸುವ ಅನುಕೂಲವುಳ್ಳವರು ಮೊದಲು ನಾಲ್ಕಾರು ಕುರಿಗಳಲ್ಲಿ ಪ್ರಯೋಗಿಸಿ, ಹುಟ್ಟಿದ ಮರಿಗಳನ್ನಲ್ಲ, ಹಾಲು ಬಿಡಿಸುವ ವೇಳೆಗೆ ಉಳಿದ ಮರಿಗಳನ್ನು ಲೆಕ್ಕವಿಟ್ಟು, ಅನಂತರ ಹಿಂಡಿಗೆಲ್ಲ ವಿಸ್ತರಿಸುವುದು ಉಚಿತವಾದ ಮಾರ್ಗ.