ಇಲಿಗೆ ಇಟ್ಟದ್ದು, ಗೂಬೆಗೆ ತಟ್ಟಿದ್ದು

ಮೈಮೇಲೆ ಗಾಯವಿಲ್ಲ, ರೆಕ್ಕೆ ಮುರಿದಿಲ್ಲ, ಆದರೂ ಗೂಬೆ ನೆಲ ಬಿಟ್ಟು ಏಳುತ್ತಿಲ್ಲ. ಚಿಕಿತ್ಸಾ ಕೇಂದ್ರಕ್ಕೆ ಹೀಗೆ ಬಂದ ಹಕ್ಕಿಯನ್ನು ವೈದ್ಯರು ಟವೆಲಿನಲ್ಲಿ ಸುತ್ತಿ ಹಿಡಿದು ಕೊಕ್ಕು ಬಿಡಿಸಿ ನೋಡುತ್ತಾರೆ. ನಸುಗೆಂಪಾಗಿರಬೇಕಾದ ಬಾಯಿಯ ಒಳಚರ್ಮ ಸುಣ್ಣ ಬಳಿದಂತೆ ಬಿಳಿಚಿದ್ದರೆ ಅರ್ಧ ಉತ್ತರ ಸಿಕ್ಕಂತೆಯೇ. ಉಳಿದರ್ಧವನ್ನು ರಕ್ತ ಹೇಳುತ್ತದೆ. ಸೂಜಿ ಚುಚ್ಚಿದಲ್ಲಿ ಅದು ಜಿನುಗುತ್ತಲೇ ಇರುತ್ತದೆ, ಕೊಳವೆಯಲ್ಲಿ ಹೆಪ್ಪುಗಟ್ಟಲು ಒಲ್ಲೆನ್ನುತ್ತದೆ. ಪಾಷಾಣ ತಿಂದ ಇಲಿಯನ್ನು ಈ ಗೂಬೆ ತಿಂದಿದೆ.

ಇಂಥವು ಅಪರೂಪವೆಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಟಫ್ಟ್ಸ್ ವನ್ಯಜೀವಿ ಚಿಕಿತ್ಸಾಲಯದ ಪಶುವೈದ್ಯೆ ಮೌರೀನ್ ಮರ್ರಿ, ಅಲ್ಲಿ ಸತ್ತ ಬೇಟೆಹಕ್ಕಿಗಳ ಯಕೃತ್ತನ್ನು ವರ್ಷಗಟ್ಟಲೆ ಪರೀಕ್ಷೆಗೆ ಕಳಿಸಿದವರು. 2006ರಿಂದ 2010ರ ನಡುವೆ ಬಂದ ಮೂರು ಜಾತಿಯ ಗೂಬೆಗಳು ಮತ್ತು ಒಂದು ಜಾತಿಯ ಗಿಡುಗ, ಒಟ್ಟು 161 ಹಕ್ಕಿಗಳು. ಅವುಗಳಲ್ಲಿ ಶೇ. 86ರಲ್ಲಿ ಪಾಷಾಣದ ಅಂಶವಿತ್ತು. 2012ರಿಂದ 2016ರವರೆಗಿನ 94 ಹಕ್ಕಿಗಳಲ್ಲಿ ಅದು ಶೇ. 96. ಇವುಗಳಲ್ಲಿ ಹೆಚ್ಚಿನವು ಸತ್ತದ್ದು ಬೇರೆ ಕಾರಣಕ್ಕೆ, ಅದನ್ನೂ ಹೇಳಬೇಕು. ಆದರೆ ಎರಡು ಅಧ್ಯಯನಗಳ ನಡುವಿನ ಅವಧಿಯಲ್ಲೇ ಅಲ್ಲಿನ ಸರ್ಕಾರ ಅತಿ ತೀಕ್ಷ್ಣ ಪಾಷಾಣಗಳನ್ನು ಸಾಮಾನ್ಯ ಗ್ರಾಹಕರ ಕೈಗೆ ಸಿಗದಂತೆ ಮಾಡಲು ಹೊರಟಿತ್ತು. ಕೀಟನಿಯಂತ್ರಣದ ವೃತ್ತಿಯವರಿಗೆ ಮಾತ್ರ ಬಾಗಿಲು ತೆರೆದೇ ಇತ್ತು. ಅಂಕಿ ಇಳಿಯುವ ಬದಲು ಏರಿತು.

ನ್ಯೂಯಾರ್ಕಿನ ಫ್ಲಾಕೊ ಕಥೆ ಹಲವರಿಗೆ ನೆನಪಿರಬಹುದು. 2023ರ ಫೆಬ್ರುವರಿಯಲ್ಲಿ ಯಾರೋ ಬಲೆ ಕತ್ತರಿಸಿದ್ದರಿಂದ ಮೃಗಾಲಯದಿಂದ ಹಾರಿಹೋದ ಆ ದೊಡ್ಡ ಕೊಂಬಿನ ಗೂಬೆ, ಒಂದು ವರ್ಷ ನಗರದ ಇಲಿ, ಪಾರಿವಾಳಗಳನ್ನು ತಿಂದೇ ಬದುಕಿತು. 2024ರ ಫೆಬ್ರುವರಿ 23ರಂದು ಕಟ್ಟಡವೊಂದರ ಅಂಗಳದಲ್ಲಿ ಬಿದ್ದಿದ್ದ ಅದನ್ನು ಪಕ್ಷಿ ಚಿಕಿತ್ಸಾ ಕೇಂದ್ರದವರು ಎತ್ತಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಸತ್ತಿತು. ಕಟ್ಟಡಕ್ಕೆ ಬಡಿದಿರಬೇಕೆಂದರು. ಕಟ್ಟಡದ ಮೇಲೇ ಗೂಬೆ ಕೂರಿಸಿ ಕೈತೊಳೆದುಕೊಳ್ಳಬಹುದಿತ್ತು! ಪ್ರಯೋಗಾಲಯದ ವರದಿ ಬಂದಾಗ ದೇಹದಲ್ಲಿ ಪಾರಿವಾಳಗಳಿಂದ ಬಂದ ಹರ್ಪಿಸ್ ವೈರಾಣು, ಜೊತೆಗೆ ನಾಲ್ಕು ಬಗೆಯ ಇಲಿಪಾಷಾಣ. ಪೆಟ್ಟು ಬೀಳದಿದ್ದರೂ ಇವೇ ಅದನ್ನು ಕೊಲ್ಲುತ್ತಿದ್ದವು ಎಂದಿತು ವರದಿ.

ಈ ಪಾಷಾಣಗಳ ಮೂಲಪುರುಷ ವಾರ್ಫರಿನ್. ಹೃದಯದ ಕವಾಟ ಬದಲಿಸಿಕೊಂಡವರು ಪದೇಪದೇ ರಕ್ತ ಪರೀಕ್ಷೆ ಮಾಡಿಸಿ, ಅಳೆದು ನುಂಗುವ ಅದೇ ಮಾತ್ರೆ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಮರುಬಳಕೆಯಾಗದಂತೆ ಅದು ತಡೆಯುತ್ತದೆ. ಆದರೆ 1958ರಲ್ಲಿ ಸ್ಕಾಟ್ಲೆಂಡಿನ ಇಲಿಗಳು ಅದನ್ನು ಜೀರ್ಣಿಸಿಕೊಂಡು ಬದುಕಿದವು. ಆಗ ಹುಟ್ಟಿದ್ದು ಎರಡನೆಯ ಪೀಳಿಗೆ: ಬ್ರೊಮಡಯೊಲೋನ್, ಬ್ರೊಡಿಫಕಮ್. ಒಂದೇ ಸಲ ತಿಂದರೂ ಸಾಕು, ಇಲಿ ಉಳಿಯದು. ಆದರೆ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಬೇಕು. ಅಷ್ಟೂ ದಿನ ಅದು ಮತ್ತೆ ಮತ್ತೆ ಅದೇ ಪಾಷಾಣದ ಕೇಕ್ ತಿಂದು ಮೈತುಂಬ ವಿಷ ಹೊತ್ತು, ಮಂಕಾಗಿ ಬಯಲಲ್ಲಿ ತೂರಾಡುತ್ತದೆ. ಬೇಟೆಗಾರನಿಗೆ ಇದಕ್ಕಿಂತ ಸುಲಭದ ತುತ್ತು ಇನ್ನೊಂದಿಲ್ಲ. ಗೂಬೆಯ ಯಕೃತ್ತಿಗೆ ಸೇರಿದ ವಿಷ ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ; ಮುಂದಿನ ಇಲಿ ತಂದದ್ದು ಅದರ ಮೇಲೆ ಸೇರುತ್ತದೆ.

ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆಂದು ಮಲೇಷ್ಯಾದ ತಾಳೆತೋಟಗಳು ತೋರಿಸಿವೆ. ಸುಮಾರು 200 ಹೆಕ್ಟೇರಿನ ಒಂದು ತೋಟದಲ್ಲಿ ವಾರ್ಫರಿನ್ ಬಿಟ್ಟು ಹೊಸ ಪಾಷಾಣಗಳನ್ನು ಇಡತೊಡಗಿದ 30 ತಿಂಗಳಲ್ಲಿ, 20 ಇದ್ದ ಕಣಜ ಗೂಬೆಗಳು ಎರಡಕ್ಕೆ ಇಳಿದವು. ಇಲಿ ಮೂರು ವಾರಕ್ಕೊಮ್ಮೆ ಮರಿ ಹಾಕಬಲ್ಲದು. ಗೂಬೆ ಆ ವೇಗಕ್ಕೆ ಎಲ್ಲಿ ಸಾಟಿ? ಕಾವಲುಗಾರ ಹೋದ ಮೇಲೆ ಇನ್ನಷ್ಟು ಪಾಷಾಣ ತರುವುದೊಂದೇ ದಾರಿ ಉಳಿಯುತ್ತದೆ.

ನಮ್ಮಲ್ಲಿ ಅದೇ ಬ್ರೊಮಡಯೊಲೋನ್ ಭತ್ತದ ಬದುವಿನಲ್ಲೂ ಇದೆ, ತೆಂಗಿನ ಸುಳಿಯಲ್ಲೂ ಇದೆ, ಪೇಟೆಯ ಗೋದಾಮುಗಳಲ್ಲೂ ಇದೆ. ಶಿಫಾರಸಿನ ಪ್ರಮಾಣ ಶೇ. 0.005, ತೀರಾ ಕಡಿಮೆ ಎನಿಸುತ್ತದೆ. ಗೂಬೆ ರಾತ್ರಿಗೊಂದು ಇಲಿಗೆ ನಿಲ್ಲುವ ಪ್ರಾಣಿಯಲ್ಲ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಬೆಳಗಿನ ಜಾವ ಬುಡುಬುಡಿಕೆಯವರು ಹಾಲಕ್ಕಿ ಗೂಬೆಯ ಹೆಸರಲ್ಲಿ ಶಕುನ ನುಡಿಯುತ್ತಿದ್ದರು. ಈಗ ಶಕುನ ಕೇಳಬೇಕಾದ ಜಾಗ ಹಕ್ಕಿಗಳ ಆಸ್ಪತ್ರೆ. ಸತ್ತ ಗೂಬೆಗಳ ಯಕೃತ್ತನ್ನು ಪ್ರಯೋಗಾಲಯಕ್ಕೆ ಕಳಿಸುವುದು ನಮ್ಮ ಪ್ರತಿ ಪುನರ್ವಸತಿ ಕೇಂದ್ರದಲ್ಲೂ ಕಡ್ಡಾಯವಾಗಬೇಕು, ಅದರ ಖರ್ಚು ಸರ್ಕಾರದ್ದಾಗಬೇಕು. ಇಲ್ಲದಿದ್ದರೆ ವಾರಗಟ್ಟಲೆ ಔಷಧ ಕೊಟ್ಟು ಉಳಿಸಿದ ಹಕ್ಕಿಯನ್ನು ಮತ್ತದೇ ಪಾಷಾಣದ ತೋಟಕ್ಕೆ ಬಿಟ್ಟುಬರುವುದೇ ನಡೆಯುತ್ತದೆ.

ಕೇಕ್ ಇಟ್ಟವರು ಮುಂದಿನ ಎರಡು ವಾರ ತೋಟ ಸುತ್ತಿ, ಸತ್ತ ಇಲಿಗಳನ್ನು ಆರಿಸಿ ಆಳಕ್ಕೆ ಹೂಳಿ. ಹಗಲಲ್ಲಿ ನೆಲದ ಮೇಲೆ ಮುದುಡಿ ಕೂತ ಗೂಬೆ ಕಂಡರೆ ಬಾಯಿಗೆ ನೀರು ಹಾಕಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಚಿಕಿತ್ಸಾ ಕೇಂದ್ರಕ್ಕೆ ಒಪ್ಪಿಸಿ. ಒಪ್ಪಿಸುವಾಗ, ಹತ್ತಿರದಲ್ಲಿ ಪಾಷಾಣ ಇಟ್ಟಿದ್ದರೆ ಸಂಕೋಚಪಡದೆ ಹೇಳಿಬಿಡಿ. ಅದಕ್ಕೆ ಮದ್ದಿದೆ, ವಿಟಮಿನ್ ಕೆ1. ಬೇಗ ಶುರುವಾದರೆ ಮಾತ್ರ.