ಕಮಾನು ಆಮೇಲೆ, ಕೈತೊಳೆಯುವ ನಲ್ಲಿ ಮೊದಲು

ಹಳೇ ಮೈಸೂರು ಸೀಮೆಯ ಯಾವುದಾದರೂ ಹಳ್ಳಿ ಛತ್ರಕ್ಕೆ ಮದುವೆಯ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋಗಿ ನೋಡಿ. ಧಾರೆ ಮುಗಿದಿರುತ್ತದೆ, ಮಂಟಪದ ಮೇಲೆ ಫೋಟೊದವನದೇ ದರ್ಬಾರು. ಜನವೆಲ್ಲ ಇರುವುದು ಊಟದ ಹಾಲಿನಲ್ಲಿ. ಉಣ್ಣುವವರ ಬೆನ್ನ ಹಿಂದೆ ಇನ್ನೊಂದು ಸಾಲು ನಿಂತಿರುತ್ತದೆ. ಒಬ್ಬೊಬ್ಬರೂ ಒಂದೊಂದು ಕುರ್ಚಿ ಹಿಡಿದು, ಎಲೆಯಲ್ಲಿ ಮೊಸರನ್ನ ಇನ್ನೆಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಾರೆ. ಕೂತವನಿಗೆ ಇನ್ನೊಂದು ಸೌಟು ಪಾಯಸ ಕೇಳಲು ಸಂಕೋಚ, ನಿಂತವನಿಗೆ ಬಸ್ಸಿನ ಚಿಂತೆ.

ಇಂಥ ಛತ್ರಕ್ಕೆ ಶಾಸಕರ ಅನುದಾನವೋ ದೇವಸ್ಥಾನದ ಹಣವೋ ಬಂತೆನ್ನಿ. ಮೊದಲು ಏಳುವುದು ಕಮಾನು. ಆಮೇಲೆ ಗ್ರಾನೈಟ್ ಮೆಟ್ಟಿಲು, ವೇದಿಕೆಗೆ ಬಣ್ಣಬಣ್ಣದ ಎಲ್‌ಇಡಿ. ಕಮಾನಿನ ಮೇಲೆ ದಾನಿಗಳ ಹೆಸರು ಕೆತ್ತಬಹುದು. ಶೌಚಾಲಯದ ಗೋಡೆಗೆ ತಮ್ಮ ಹೆಸರು ಬರೆಸಿಕೊಳ್ಳುವ ಧೈರ್ಯ ಯಾರಿಗಿದೆ? ಆದರೆ ನೆಂಟರು ಮನೆಗೆ ಹೋಗಿ ಮಾತಾಡುವುದು ಊಟ, ನೀರು, ಶೌಚಾಲಯದ ಬಗ್ಗೆಯೇ. ಹಾಗಾಗಿ ಛತ್ರದ ರಿಪೇರಿ ಹಿತ್ತಲಿನಿಂದ ಶುರುವಾಗಲಿ ಎನ್ನುತ್ತೇನೆ.

ಊಟದ ಹಾಲಿನ ನೂಕುನುಗ್ಗಲಿಗೆ ಜಾಗ ಸಾಲದೆಂಬುದಷ್ಟೇ ಕಾರಣವಲ್ಲ, ಎಷ್ಟೋ ಕಡೆ ಬಾಗಿಲೇ ಒಂದು. ಉಂಡವರು ಹೊರಗೆ ಬರುವುದೂ ಹಸಿದವರು ಒಳಗೆ ನುಗ್ಗುವುದೂ ಅದರಲ್ಲೇ. ಎಲೆ ಎತ್ತುವವರು ಬಕೆಟ್ ಹಿಡಿದು ಇವರಿಬ್ಬರ ನಡುವೆ. 800 ಜನ ಬಂದು, ಒಮ್ಮೆಗೆ 200 ಎಲೆ ಹಾಕಿದರೆ ನಾಲ್ಕು ಪಂಕ್ತಿ. ಉಣ್ಣಲು 25 ನಿಮಿಷ, ಎಲೆ ಎತ್ತಿ ಮತ್ತೆ ಕೂರಿಸಲು 20 ಎಂದರೂ ಒಟ್ಟು ಮೂರು ಗಂಟೆ. ಕೈತೊಳೆಯುವ ಕಡೆಗೆ ಇನ್ನೊಂದು ಬಾಗಿಲು ಒಡೆದು, ಉಂಡವರು ಅತ್ತಲಿಂದಲೇ ಅಂಗಳಕ್ಕೆ ಇಳಿಯುವಂತೆ ಮಾಡಿ. ಪಂಕ್ತಿಗೆ ಹತ್ತು ನಿಮಿಷ ಉಳಿದರೆ ಕೊನೆಯ ಪಂಕ್ತಿ ಅರ್ಧ ಗಂಟೆ ಮೊದಲೇ ಕೂರುತ್ತದೆ. ಕಾಯುವವರಿಗೆ ಹೊರಗೆ ನೆರಳು, ಉದ್ದಕ್ಕೆ ಕಲ್ಲಿನ ಜಗಲಿ ಇದ್ದರೆ ಕುರ್ಚಿ ಹಿಡಿದು ನಿಲ್ಲುವ ಗರಜೂ ಇರುವುದಿಲ್ಲ.

ಕೈತೊಳೆಯುವ ಜಾಗದ ತಗ್ಗಾದ ತೊಟ್ಟಿಯಿಂದ ನೀರು ಹಾರುವುದು ನೇರ ರೇಷ್ಮೆ ಸೀರೆಯ ನೆರಿಗೆಗೆ. ಅಲ್ಲಿಗೂ ಥಳಥಳಿಸುವ ಟೈಲ್ಸ್ ಹಾಕಿಸುವವರಿದ್ದಾರೆ. ಸಾರಿನ ಜಿಡ್ಡು, ನೀರು ಎರಡೂ ಬಿದ್ದ ಮೇಲೆ ಅಜ್ಜಿಯೊಬ್ಬರು ಅದರ ಮೇಲೆ ನಡೆಯುವುದನ್ನು ನೋಡಲೂ ಭಯ. ಒರಟು ಕಲ್ಲು ಹಾಸಿ, ನೀರು ಮೋರಿಗೆ ಹರಿಯುವಂತೆ ವಾಟ ಕೊಟ್ಟರೆ ಸಾಕು. ಶೌಚಾಲಯದಲ್ಲಿ ಚಿಲಕ ಸರಿಯಿರಲಿ, ಬ್ಯಾಗು ನೇತುಹಾಕಲು ಮೊಳೆ ಇರಲಿ, ಮಂಡಿನೋವಿನವರಿಗೆ ಹಿಡಿಕೆಯಿರುವ ಕಮೋಡ್ ಒಂದಾದರೂ ಇರಲಿ. ಹೆಂಗಸರ ಕಡೆ ಸಂಖ್ಯೆ ಹೆಚ್ಚಿರಲೇಬೇಕು.

ಇನ್ನು ಸದ್ದು. ವಾಲಗ ಜೋರಾದಾಗ ಪಕ್ಕದವರ ಮಾತು ಕೇಳದಿರುವುದು ಸಹಜ, ಗಟ್ಟಿಮೇಳಕ್ಕೆ ಆ ಹಕ್ಕಿದೆ. ಆದರೆ ವಾಲಗ ನಿಂತ ಮೇಲೂ ಮೈಕಿನಲ್ಲಿ ಯಾರನ್ನು ಕರೆದರೆಂಬುದು ಯಾರಿಗೂ ತಿಳಿಯುವುದಿಲ್ಲ. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ತಗಡಿನ ಸೂರು. ಮಾತನ್ನು ಹೀರಿಕೊಳ್ಳುವ ವಸ್ತುವೇ ಇಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಉಪನ್ಯಾಸವೇ ಕೇಳಿಸದ ಸಭಾಂಗಣವೊಂದಿತ್ತು. ಅದನ್ನು ಸರಿಮಾಡಲು ಹೊರಟ ವ್ಯಾಲೇಸ್ ಸಬೀನ್ ಎಂಬ ಮೇಷ್ಟರು ರಾತ್ರಿ ಹೊತ್ತು ಬೇರೆ ರಂಗಮಂದಿರದ ಸೀಟುಗಳ ಮೆತ್ತೆ ಹೊರಿಸಿ ತಂದು, ಎಷ್ಟು ಮೆತ್ತೆಗೆ ಎಷ್ಟು ಅನುರಣನ ತಗ್ಗುತ್ತದೆಂದು ಅಳೆದರು. ಛತ್ರಕ್ಕೆ ಮೆತ್ತೆ ಬೇಡ. ಹಿಂಬದಿಯ ಗೋಡೆಗೆ ದಪ್ಪ ಬಟ್ಟೆಯ ಪರದೆ ನೆರಿಗೆಯಾಗಿ ಇಳಿಬಿಡಿ, ದೊಡ್ಡ ಸ್ಪೀಕರ್ ಎರಡರ ಬದಲು ಚಿಕ್ಕವನ್ನು ಅಲ್ಲಲ್ಲಿ ಕೂರಿಸಿ. ಪ್ಲಾಸ್ಟಿಕ್ ಸೀಲಿಂಗ್ ನೋಡಲಷ್ಟೇ ಚಂದ. ಅಂದಹಾಗೆ, ಮೈತುಂಬ ಬಟ್ಟೆ ತೊಟ್ಟ ಜನರೂ ಸದ್ದು ಹೀರುತ್ತಾರೆ. ಹಾಲು ಖಾಲಿಯಿದ್ದಾಗ ಮೈಕ್ ಪರೀಕ್ಷಿಸಿ ಕಿವಿ ಮುಚ್ಚಿಕೊಂಡವರು ಇದನ್ನು ನೆನೆಯಬಹುದು.

ಮುಯ್ಯಿ ಕೊಡಲು ನಾಲ್ಕಡಿ ಎತ್ತರದ ವೇದಿಕೆ ಹತ್ತಬೇಕೆಂದು ಕೆಳಗಿನಿಂದಲೇ ಕೈಮುಗಿದು ಹೋಗುವ ಹಿರಿಯರಿದ್ದಾರೆ. ಇಳಿಜಾರು ದಾರಿಗೆ 1:12ರ ಲೆಕ್ಕ: ಒಂದಡಿ ಏರಲು 12 ಅಡಿ ಉದ್ದ. ನಾಲ್ಕಡಿಗೆ 48 ಅಡಿ ಹೊಂದಿಸುವುದಕ್ಕಿಂತ ವೇದಿಕೆಯನ್ನೇ ಎರಡಡಿಗೆ ಇಳಿಸುವುದು ಜಾಣತನ.

ಮದುವೆಯ ದಿನವೇ ಬೋರ್‌ವೆಲ್ ಕೈಕೊಡುವುದು ಹೊಸದೇನಲ್ಲ. 5,000 ಚದರಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 11,800 ಲೀಟರ್. ಸೋರಿ ಹೋದದ್ದು ಬಿಟ್ಟರೂ ತೊಳೆಯಲು, ಶೌಚಾಲಯಕ್ಕೆ ಬಳಸಲು ಹತ್ತು ಸಾವಿರಕ್ಕೆ ಮೋಸವಿಲ್ಲ. ತೊಟ್ಟಿಯೊಂದು ಬೇಕು, ಅಷ್ಟೆ.

ಕೆಲಸ ಯಾವಾಗ ಹಿಡಿಯಬೇಕು? ಛತ್ರದವರಿಗೆ ನೆನಪಾಗುವುದು ಆಷಾಢ, ಮದುವೆಯಿಲ್ಲದ ತಿಂಗಳು. ಆದರೆ ಅದು ಮಳೆಗಾಲ. ಸೂರು ಬಿಚ್ಚಿದರೆ ಒಳಗೆಲ್ಲ ಕೆಸರು. ತಗಡು ಬದಲಿಸುವುದು, ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸುವುದು, ತೊಟ್ಟಿ ಅಗೆಸುವುದು ಧನುರ್ಮಾಸಕ್ಕಿರಲಿ. ಆಗಲೂ ಮುಹೂರ್ತವಿಲ್ಲ, ಆಕಾಶವೂ ಸಾಮಾನ್ಯವಾಗಿ ಶುಭ್ರ. ಒಳಗಿನ ನಲ್ಲಿ, ಬಾಗಿಲು, ವೇದಿಕೆಯ ಕೆಲಸ ಆಷಾಢಕ್ಕಾಯಿತು. ಗಾರೆಯವನಿಗೆ ಮಾತ್ರ ಯುಗಾದಿಗೇ ಮುಂಗಡ ಕೊಟ್ಟಿಡಿ; ಆಷಾಢದಲ್ಲಿ ಸುತ್ತಮುತ್ತಲ ಛತ್ರದವರೆಲ್ಲ ಹುಡುಕುವುದು ಅವನನ್ನೇ.